ಹಬ್ ಮೋಟರ್ ಕರಕರ ಅಂತಿದೆ, ಮನೆಯಲ್ಲೇ ಬಿಚ್ಚಬಹುದಾ?

ಕ್ಯಾತ್ಸಂದ್ರ ಸೈಕಲ್:

ಎಲ್ಲರಿಗೂ ನಮಸ್ಕಾರ. ನನ್ನದು ಎಲೆಕ್ಟ್ರಿಕ್ ಸೈಕಲ್. ಹಿಂದಿನ ಚಕ್ರದಲ್ಲಿ 250 ವ್ಯಾಟ್ ಗೇರ್ ಹಬ್ ಮೋಟರ್, 36 ವೋಲ್ಟ್ ಬ್ಯಾಟರಿ. ಕ್ಯಾತ್ಸಂದ್ರದಿಂದ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಗೆ ದಿನಾ ಇದರಲ್ಲೇ ಓಡಾಟ. ಭಾನುವಾರ ಬಿಡುವಾದರೆ ನಾಮದ ಚಿಲುಮೆ, ದೇವರಾಯನದುರ್ಗದ ಕಡೆಗೂ ಹೋಗುತ್ತೇನೆ.

ಈಗ ಎರಡು ತೊಂದರೆ ಶುರುವಾಗಿದೆ. ಏರಿನಲ್ಲಿ ಥ್ರಾಟಲ್ ಕೊಟ್ಟರೆ ಹಬ್ ಒಳಗಿಂದ ಕರಕರ ಸದ್ದು ಬರುತ್ತದೆ. ಸಮತಟ್ಟಿನಲ್ಲಿ ಅಷ್ಟಾಗಿ ಇಲ್ಲ. ಥ್ರಾಟಲ್ ಬಿಟ್ಟು ಸುಮ್ನೆ ಉರುಳಲು ಬಿಟ್ಟರೆ ಸದ್ದೇ ಇರಲ್ಲ. ಇನ್ನೊಂದು, ಈ ಮಳೆ ಶುರುವಾದಾಗಿನಿಂದ ನಿಂತಲ್ಲಿಂದ ಹೊರಡುವಾಗ ಚಕ್ರ ಗಡಗಡ ನಡುಗುತ್ತದೆ, ಮುಂದೆ ಹೋಗಲ್ಲ. ಪೆಡಲ್ ಒಂದೆರಡು ಸುತ್ತು ತುಳಿದರೆ ಆಮೇಲೆ ಸರಿಯಾಗಿ ಎಳೆಯುತ್ತದೆ.

ಕೊಂಡ ಅಂಗಡಿಯಲ್ಲಿ ಚಕ್ರವನ್ನೂ ಬಿಚ್ಚಿ ನೋಡಲಿಲ್ಲ. 'ಮೋಟರ್ ಹೋಗಿದೆ ಸರ್, ಹೊಸದೇ ಹಾಕ್ಬೇಕು' ಅಂದರು. ವಾರಂಟಿ ಮುಗಿದಿದೆ. ನನ್ನ ಹತ್ತಿರ ಮಲ್ಟಿಮೀಟರ್, ಸ್ಪ್ಯಾನರ್ ಸೆಟ್, ಅಲೆನ್ ಕೀ ಇವೆ. ಸಣ್ಣಪುಟ್ಟ ಬೆಸುಗೆ ಬರುತ್ತದೆ. ಮನೆಯಲ್ಲೇ ಬಿಚ್ಚಬಹುದಾ? ಯಾರಾದರೂ ಮಾಡಿದ್ದೀರಾ?

ಶಿರಾ ಗೇಟ್ ಹುಡುಗ:

ಗುರು, ಬಿಚ್ಚೋಕೆ ಹೋಗ್ಬೇಡ. ಬಿಚ್ಚಿದ್ದು ಮತ್ತೆ ಸೇರಲ್ಲ. ಆನ್‌ಲೈನಲ್ಲಿ 1000 ವ್ಯಾಟ್ ಕಿಟ್ ಸಿಗುತ್ತೆ, ಅದೇ ಹಾಕ್ಸು. ದುರ್ಗದ ಏರು ಕಣ್ಣು ಮುಚ್ಚಿ ಹತ್ತುತ್ತೆ.

ಗುಬ್ಬಿ ವೈಂಡಿಂಗ್:

ಬಿಚ್ಚಬಹುದು. ಆದರೆ ಈಗಲೇ ಬೇಡ.

ಮೊದಲು ಆ 1000 ವ್ಯಾಟಿನ ಮಾತು ಮುಗಿಸಿಬಿಡೋಣ. 250 ವ್ಯಾಟ್‌ಗಿಂತ ಕಡಿಮೆ ಪವರ್, 25 ಕಿಲೋಮೀಟರ್‌ಗಿಂತ ಕಡಿಮೆ ವೇಗ, ಬ್ಯಾಟರಿ ಬಿಟ್ಟು 60 ಕೆಜಿ ಒಳಗಿನ ತೂಕ. ಈ ಲೆಕ್ಕದೊಳಗೆ ಇರುವುದಕ್ಕೇ ಇಂಥ ಗಾಡಿಗೆ ನಂಬರ್ ಪ್ಲೇಟ್ ಬೇಡ, ಡಿಎಲ್ ಬೇಡ. ಅದನ್ನು ದಾಟಿದರೆ ಅದು ಸೈಕಲ್ ಅಲ್ಲ, ನೋಂದಣಿ ಇಲ್ಲದ ಮೋಟರ್ ಸೈಕಲ್. ಜೊತೆಗೆ ನಿಮ್ಮ ಈಗಿನ ಬ್ಯಾಟರಿ, ಮೋಟರಿಗೆ ಕರೆಂಟ್ ಹಂಚುವ ಕಂಟ್ರೋಲರ್ ಎರಡೂ ಅದಕ್ಕೆ ಸಾಲುವುದಿಲ್ಲ.

ನಾನು ಗುಬ್ಬಿಯಲ್ಲಿ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ತೆಂಗಿನ ತೋಟದ ಪಂಪ್‌ಸೆಟ್ಟು, ಬೋರ್‌ವೆಲ್ ಮೋಟರ್ ಕಟ್ಟುವುದೇ ಹೊಟ್ಟೆಪಾಡು. ಈಚೆಗೆ ಬ್ಯಾಟರಿ ಗಾಡಿಯ ಚಕ್ರಗಳೂ ಬರುತ್ತವೆ. 'ಮೋಟರ್ ಹೋಗಿದೆ' ಅಂತ ಹೊತ್ತು ತರುವವರಲ್ಲಿ ಹೆಚ್ಚಿನವರ ಮೋಟರ್ ಚೆನ್ನಾಗೇ ಇರುತ್ತದೆ. ಹೋಗಿರುವುದು ವೈರು, ಇಲ್ಲ ಕನೆಕ್ಟರು, ಇಲ್ಲ ಬ್ರೇಕ್ ಲಿವರಿನೊಳಗಿನ ಸ್ವಿಚ್ಚು. ಒಳಗೆ ತಾಮ್ರ ಸುಟ್ಟಿದ್ದರೆ ಮೂಗಿಗೇ ಗೊತ್ತಾಗುತ್ತದೆ. ಸುಟ್ಟ ವಾರ್ನಿಷಿನ ವಾಸನೆ ಬೇಗ ಹೋಗುವಂಥದ್ದಲ್ಲ.

ನಿಮ್ಮದು ಎರಡು ಬೇರೆ ಬೇರೆ ಕಾಯಿಲೆ. ಒಟ್ಟಿಗೆ ಬಂದಿವೆ ಅಷ್ಟೇ.

ಥ್ರಾಟಲ್ ಬಿಟ್ಟರೆ ಸದ್ದು ನಿಲ್ಲುತ್ತದೆ ಅಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಗೇರ್ ಹಬ್‌ನಲ್ಲಿ ಒಳಗೆ ಒಂದು ಪುಟ್ಟ ಮೋಟರ್ ಜೋರಾಗಿ ತಿರುಗುತ್ತದೆ. ಮೂರು ಗೇರುಗಳು ಆ ವೇಗವನ್ನು ತಗ್ಗಿಸಿ ಚಕ್ರಕ್ಕೆ ಕೊಡುತ್ತವೆ. ನಡುವೆ ಒಂದೇ ಕಡೆ ಹಿಡಿಯುವ ಕ್ಲಚ್ ಇರುತ್ತದೆ. ಥ್ರಾಟಲ್ ಬಿಟ್ಟ ತಕ್ಷಣ ಕ್ಲಚ್ ಬಿಟ್ಟುಕೊಡುತ್ತದೆ. ಗೇರು ನಿಲ್ಲುತ್ತವೆ, ಚಕ್ರ ಮಾತ್ರ ಉರುಳುತ್ತದೆ. ಚಕ್ರದ ಬೇರಿಂಗ್ ಕೆಟ್ಟಿದ್ದರೆ ಉರುಳುವಾಗಲೂ ಸದ್ದು ಬರಬೇಕಿತ್ತು. ಬರುತ್ತಿಲ್ಲ. ಹಾಗಾಗಿ ಗೇರಿನ ಮೇಲೆ ಅನುಮಾನ.

ನಡುಕ ಬೇರೆ ವಿಷಯ. ಈ ಮೋಟರ್‌ನಲ್ಲಿ ಕಾರ್ಬನ್ ಬ್ರಷ್ ಇಲ್ಲ. ಯಾವ ಕಾಯಿಲ್‌ಗೆ ಯಾವಾಗ ಕರೆಂಟ್ ಕೊಡಬೇಕು ಅಂತ ಕಂಟ್ರೋಲರ್ ತೀರ್ಮಾನಿಸುತ್ತದೆ. ಮ್ಯಾಗ್ನೆಟ್ ಈಗ ಎಲ್ಲಿದೆ ಅಂತ ಅದಕ್ಕೆ ಹೇಳುವುದು ಒಳಗಿರುವ ಮೂರು ಹಾಲ್ ಸೆನ್ಸರ್. ಮೂರರಲ್ಲಿ ಒಂದರ ಸುದ್ದಿ ಬರದಿದ್ದರೆ ನಿಂತಲ್ಲಿಂದ ಹೊರಡುವಾಗ ಕಂಟ್ರೋಲರ್‌ಗೆ ದಿಕ್ಕು ತಪ್ಪುತ್ತದೆ, ಚಕ್ರ ನಡುಗುತ್ತದೆ. ಒಮ್ಮೆ ಉರುಳಲು ಶುರುವಾದರೆ ಎಷ್ಟೋ ಕಂಟ್ರೋಲರ್‌ಗಳು ಸೆನ್ಸರ್ ಇಲ್ಲದೆಯೂ ಸಂಭಾಳಿಸುತ್ತವೆ. ನೀವು ಪೆಡಲ್ ತುಳಿದ ಮೇಲೆ ಹೋಗುವುದು ಅದಕ್ಕೇ.

ಪರೀಕ್ಷೆ ಹೀಗೆ ಮಾಡಿ. ಬ್ಯಾಟರಿ ಆಫ್ ಮಾಡಿ ಕಂಟ್ರೋಲರ್ ಡಬ್ಬಿ ತೆಗೆಯಿರಿ. ಮೂರು ದಪ್ಪ ವೈರು ಕಾಣುತ್ತವೆ, ಹಳದಿ, ಹಸಿರು, ನೀಲಿ. ಅವು ಫೇಸ್, ಅಂದರೆ ಮೋಟರಿನ ಕಾಯಿಲ್‌ಗಳಿಗೆ ಕರೆಂಟ್ ಒಯ್ಯುವ ವೈರು. ಪಕ್ಕದಲ್ಲಿ ಸಣ್ಣ ವೈರುಗಳ ಬಿಳಿ ಕನೆಕ್ಟರ್ ಇರುತ್ತದೆ. ಅದರಲ್ಲಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಉಳಿದ ಹಳದಿ, ಹಸಿರು, ನೀಲಿ ಸೆನ್ಸರಿನವು. ಬಿಳಿ ವೈರ್ ಇದ್ದರೆ ಅದು ಸ್ಪೀಡಿಗೆ. ಮೊದಲು ಕಣ್ಣಲ್ಲಿ ನೋಡಿ: ಪಿನ್ ಹಸಿರುಗಟ್ಟಿದೆಯಾ, ಫೇಸ್ ಕನೆಕ್ಟರಿನ ಪ್ಲಾಸ್ಟಿಕ್ ಕರಗಿದೆಯಾ.

ಕನೆಕ್ಟರ್ ಹಾಕಿಯೇ ಇರಲಿ. ಈಗ ಬ್ಯಾಟರಿ ಆನ್ ಮಾಡಿ, ಥ್ರಾಟಲ್ ಮುಟ್ಟಬೇಡಿ. ಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿಯನ್ನು ಕನೆಕ್ಟರಿನ ಹಿಂಬದಿಯಿಂದ ಒಂದೊಂದು ಸೆನ್ಸರ್ ವೈರಿಗೆ ಮುಟ್ಟಿಸಿ ಚಕ್ರ ನಿಧಾನಕ್ಕೆ ತಿರುಗಿಸಿ. ಎಲ್ಲರೂ ಎಡವುವುದು ಇಲ್ಲೇ: ಗೇರ್ ಹಬ್‌ನಲ್ಲಿ ಚಕ್ರ ಮುಂದಕ್ಕೆ ತಿರುಗಿಸಿದರೆ ಒಳಗಿನ ಮೋಟರ್ ತಿರುಗುವುದೇ ಇಲ್ಲ. ಹಿಂದಕ್ಕೆ ತಿರುಗಿಸಬೇಕು. ವೋಲ್ಟೇಜ್ ಸೊನ್ನೆ, ಐದು, ಸೊನ್ನೆ, ಐದು ಅಂತ ಬದಲಾಗುತ್ತಿರಬೇಕು. ಮೂರಕ್ಕೂ ನೋಡಿ ಇಲ್ಲಿ ಬರೆಯಿರಿ.

ಆಮೇಲೆ ಬ್ಯಾಟರಿ ಪೂರ್ತಿ ಕಳಚಿ, ಫೇಸ್ ವೈರುಗಳನ್ನು ಬಿಡಿಸಿ ಚಕ್ರ ಹಿಂದಕ್ಕೆ ತಿರುಗಿಸಿ. ಮೋಟರ್ ಕಡೆಯ ಯಾವುದಾದರೂ ಎರಡನ್ನು ಕೂಡಿಸಿ ಮತ್ತೆ ತಿರುಗಿಸಿ. ಬಿಡಿಸಿದ್ದಾಗ ಹಗುರ, ಕೂಡಿಸಿದಾಗ ಬಿಗಿ ಆಗಬೇಕು. ಮೂರು ಜೋಡಿಗೂ ಬಿಗಿ ಒಂದೇ ಸಮ ಇದ್ದರೆ ವೈಂಡಿಂಗ್ ಸರಿ ಇದೆ ಅನ್ನಬಹುದು. ಬಿಡಿಸಿದ್ದಾಗಲೂ ಬಿಗಿಯೇ ಇದ್ದರೆ ಒಳಗೆ ಶಾರ್ಟ್ ಇರಬಹುದು. ಬಿಡಿಸಿದಾಗ ಹಗುರವಾಗಿ, ಕಂಟ್ರೋಲರ್‌ಗೆ ಹಾಕಿದ ತಕ್ಷಣ ಬಿಗಿಯಾದರೆ ಕಂಟ್ರೋಲರಿನ ಮಾಸ್‌ಫೆಟ್ (ಕರೆಂಟ್ ಆನ್, ಆಫ್ ಮಾಡುವ ಬಿಡಿಭಾಗ) ಸುಟ್ಟಿದೆ, ಮೋಟರ್‌ದು ತಪ್ಪಿಲ್ಲ.

ಕೋಲಾರದ ಮೇಷ್ಟ್ರು:

ಗುಬ್ಬಿ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆಕ್ಸಲ್ ನಟ್ ನೋಡಿ. ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರ ಸೈಕಲ್‌ನಲ್ಲಿ ನಟ್ ಸಡಿಲವಾಗಿ, ಥ್ರಾಟಲ್ ಕೊಟ್ಟಾಗೆಲ್ಲ ಆಕ್ಸಲ್ಲೇ ಚೂರುಚೂರು ತಿರುಗುತ್ತಿತ್ತು. ವೈರ್ ಹೊರಗೆ ಬರುವುದು ಆಕ್ಸಲಿನ ತೂತಿನಿಂದಲೇ ಅಲ್ವಾ? ತಿರುಚಿ ತಿರುಚಿ ಕತ್ತರಿಸಿತು.

ಮಾಮೂಲಿ ಸೈಕಲ್ ಚಕ್ರದ ಆಕ್ಸಲ್‌ಗೆ ತಿರುಗುವ ಒತ್ತಡವೇ ಇಲ್ಲ. ಹಬ್ ಮೋಟರ್‌ನಲ್ಲಿ ಚಕ್ರ ಮುಂದಕ್ಕೆ ನೂಕಿದಷ್ಟೇ ಜೋರಾಗಿ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಮೂತಿ ಇರುವ ವಾಷರ್. ಮೂತಿ ಫ್ರೇಮಿನ ಕಚ್ಚಿನೊಳಗೆ ಕೂತಿರಬೇಕು. ಪಂಕ್ಚರ್ ಹಾಕುವವರು ಎಷ್ಟೋ ಸಲ ಅದನ್ನು ಉಲ್ಟಾ ಹಾಕಿ ಕಳಿಸುತ್ತಾರೆ. ಅಲ್ಯೂಮಿನಿಯಂ ಫ್ರೇಮ್ ಆದರೆ ಟಾರ್ಕ್ ಆರ್ಮ್ ಕೂಡ ಹಾಕಿಸಿ, ಆಕ್ಸಲ್ ತಿರುಗದ ಹಾಗೆ ಫ್ರೇಮಿಗೆ ಹಿಡಿದಿಡುವ ಪಟ್ಟಿ ಅದು.

ಗೇರ್ ಸದ್ದಿಗೆ ನಾನಾಗಿದ್ದರೆ ಸುಮ್ನೆ ಎಂಜಿನ್ ಆಯಿಲ್ ಸ್ವಲ್ಪ ಬಿಡುತ್ತಿದ್ದೆ. ಬಿಚ್ಚುವ ಕೆಲಸವೇ ಇಲ್ಲ.

ಗುಬ್ಬಿ ವೈಂಡಿಂಗ್:

ವಾಷರಿನ ಮಾತು ನೂರಕ್ಕೆ ನೂರು ಸರಿ ಮೇಷ್ಟ್ರೇ. ಆಯಿಲ್ ಮಾತ್ರ ಬೇಡ. ಈ ಹಬ್‌ಗಳನ್ನು ಆಯಿಲ್ ನಿಲ್ಲುವ ಹಾಗೆ ಮಾಡಿಲ್ಲ. ಮುಚ್ಚಳದ ಸಂದಿಯಿಂದ, ಆಕ್ಸಲ್ ಪಕ್ಕದಿಂದ ಒಸರಿ ಡಿಸ್ಕ್ ಪ್ಲೇಟಿಗೆ ಬರುತ್ತದೆ. ಆಮೇಲೆ ಬ್ರೇಕ್ ಹಿಡಿಯಲ್ಲ. ಸದ್ದು ಹೋಗಲಿ ಅಂತ ಬ್ರೇಕ್ ಕಳೆದುಕೊಳ್ಳುವುದು ಯಾವ ಲೆಕ್ಕ?

ಕ್ಯಾತ್ಸಂದ್ರ ಸೈಕಲ್:

ಸರ್, ನೋಡಿದೆ. ಫೇಸ್ ಮೂರು ಜೋಡಿಯೂ ಒಂದೇ ಸಮ ಬಿಗಿ. ಬಿಡಿಸಿದಾಗ ಹಗುರ. ಹಾಲ್‌ನಲ್ಲಿ ಹಳದಿ, ನೀಲಿ ಎರಡೂ ಸೊನ್ನೆ, ಐದು ಅಂತ ಬದಲಾಗುತ್ತವೆ. ಹಸಿರು ಮಾತ್ರ ಯಾವಾಗಲೂ ಐದರಲ್ಲೇ ನಿಂತಿದೆ. ಐದು ವೋಲ್ಟ್ ಬರುತ್ತಿದೆ ಅಂದರೆ ಆ ಸೆನ್ಸರ್ ಚೆನ್ನಾಗಿದೆ ಅಂತಲೇ ಅಲ್ವಾ?

ಮೇಷ್ಟ್ರು ಹೇಳಿದ ವಾಷರ್ ಬಲಗಡೆ ಉಲ್ಟಾ ಇದೆ. ಮೂತಿ ಹೊರಗೆ ನೋಡುತ್ತಿದೆ.

ಗುಬ್ಬಿ ವೈಂಡಿಂಗ್:

ಅಲ್ಲ. ಆ ಐದು ವೋಲ್ಟ್ ಸೆನ್ಸರಿಂದ ಬರುತ್ತಿಲ್ಲ, ಕಂಟ್ರೋಲರಿಂದ ಬರುತ್ತಿದೆ. ಹಾಲ್ ಸೆನ್ಸರ್ ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಕಂಟ್ರೋಲರ್ ಆ ವೈರನ್ನು ಐದಕ್ಕೆ ಎತ್ತಿ ಹಿಡಿದಿರುತ್ತದೆ, ಸೆನ್ಸರ್ ಅದನ್ನು ಆಗಾಗ ಸೊನ್ನೆಗೆ ಎಳೆಯುತ್ತದೆ. ಎಳೆಯುವವರೇ ಇಲ್ಲದಿದ್ದರೆ ಐದರಲ್ಲೇ ನಿಲ್ಲುತ್ತದೆ. ಅಂದರೆ ಹಸಿರು ಸೆನ್ಸರ್ ಸತ್ತಿದೆ, ಇಲ್ಲ ಹಸಿರು ವೈರ್ ಕಡಿದಿದೆ.

ಯಾವುದು ಅಂತ ತಿಳಿಯಲು ಮೀಟರ್ ಹಸಿರಿಗೆ ಇಟ್ಟು, ಇನ್ನೊಬ್ಬರಿಗೆ ಚಕ್ರ ಹಿಂದಕ್ಕೆ ತಿರುಗಿಸಲು ಹೇಳಿ. ನೀವು ಆಕ್ಸಲ್ ಬಾಯಲ್ಲಿ ವೈರನ್ನು ಮೆಲ್ಲಗೆ ಅತ್ತಿತ್ತ ಬಗ್ಗಿಸಿ. ಒಂದೇ ಒಂದು ಸಲ ಸೊನ್ನೆಗೆ ಇಳಿದರೂ ಸಾಕು, ಸೆನ್ಸರ್ ಬದುಕಿದೆ, ವೈರ್ ಕಡಿದಿದೆ.

ಕ್ಯಾತ್ಸಂದ್ರ ಸೈಕಲ್:

ಇಳಿಯಿತು ಸರ್! ವೈರನ್ನು ಮೇಲಕ್ಕೆ ಒತ್ತಿ ಹಿಡಿದರೆ ಹಸಿರೂ ಬದಲಾಗುತ್ತದೆ. ಬಿಟ್ಟರೆ ಮತ್ತೆ ಐದು. ಹಾಗಾದರೆ ಈಗ ಬಿಚ್ಚಲಾ?

ಗುಬ್ಬಿ ವೈಂಡಿಂಗ್:

ಈಗ ಬಿಚ್ಚಿ. ವೈರ್ ಸರಿಮಾಡಲೂ ಬೇಕು, ಗೇರ್ ನೋಡಲೂ ಬೇಕು, ಒಂದೇ ಕೆಲಸದಲ್ಲಿ ಮುಗಿಯುತ್ತದೆ.

ಬ್ಯಾಟರಿ ಬೇರೆ ಕೋಣೆಯಲ್ಲಿಡಿ. 36 ವೋಲ್ಟ್ ಅನ್ನುತ್ತಾರೆ, ತುಂಬಿದಾಗ ಅದು 42 ವೋಲ್ಟ್. ಸ್ಪ್ಯಾನರ್ ಅಡ್ಡ ಬಿದ್ದರೆ ಕಿಡಿ ಹಾರುತ್ತದೆ. ಚಕ್ರ ಬಿಚ್ಚುವ ಮುಂಚೆ ವಾಷರ್‌ಗಳ ಜೋಡಣೆಯ ಫೋಟೋ ತೆಗೆದಿಟ್ಟುಕೊಳ್ಳಿ, ಎರಡೂ ಕಡೆ. ಬಲಗಡೆಯ ಉಲ್ಟಾ ವಾಷರನ್ನು ಮಾತ್ರ ವಾಪಸ್ ಹಾಕುವಾಗ ಸರಿಮಾಡಿ, ಮೂತಿ ಕಚ್ಚಿನೊಳಗೆ ಬರಲಿ. ಕೆಲಸದ ಜಾಗ ಮುಖ್ಯ. ಗ್ರೈಂಡರ್ ಆಡಿಸಿದ ನೆಲದಲ್ಲಿ ಕೂರಬೇಡಿ. ಕಬ್ಬಿಣದ ಪುಡಿ ಮ್ಯಾಗ್ನೆಟ್‌ಗೆ ಹತ್ತಿದರೆ ಬಟ್ಟೆಯಲ್ಲಿ ಒರೆಸಿದರೆ ಹೋಗಲ್ಲ, ಅಂಟುವ ಟೇಪ್ ಒತ್ತಿ ಒತ್ತಿ ತೆಗೆಯಬೇಕು. ಮನೆಯಲ್ಲಿ ಹಳೇ ಬೆಡ್‌ಶೀಟ್ ಹಾಸಿಕೊಳ್ಳಿ. ಬಿದ್ದ ಸ್ಕ್ರೂ ಕೂಡ ಉರುಳಿ ಹೋಗಲ್ಲ.

ಸ್ಕ್ರೂ ಇರುವ ಮುಚ್ಚಳ ಕೆಲವು ಹಬ್‌ನಲ್ಲಿ ಫ್ರೀವೀಲ್ ಹಿಂದೆ ಅಡಗಿರುತ್ತದೆ. ಆಗ ಫ್ರೀವೀಲ್ ತೆಗೆಯಬೇಕು. ಅದಕ್ಕೆ ಬೇರೆ ಟೂಲ್ ಇದೆ, ಸೈಕಲ್ ಶಾಪಿನವರೇ ಬಿಚ್ಚಿ ಕೊಡುತ್ತಾರೆ. ಮುಚ್ಚಳಕ್ಕೂ ಹಬ್‌ಗೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಸ್ಟಾರ್ ಸ್ಕ್ರೂ ಜಗ್ಗದಿದ್ದರೆ ತಿರುಪುಳಿಯನ್ನು ತಲೆಯ ಮೇಲೆ ನೆಟ್ಟಗಿಟ್ಟು ಸುತ್ತಿಗೆಯಲ್ಲಿ ಒಂದು ಏಟು ಹಾಕಿ, ಆಮೇಲೆ ಒತ್ತಿ ತಿರುಗಿಸಿ. ತಲೆ ಸವೆಸಿಕೊಂಡರೆ ಮುಂದಿನದೆಲ್ಲ ಡ್ರಿಲ್ಲಿಂಗ್ ಕೆಲಸ. ಆಕ್ಸಲ್ ತುದಿಗೆ ಮಾತ್ರ ಸುತ್ತಿಗೆ ಮುಟ್ಟಿಸಬೇಡಿ. ನಟ್ ಕೂರುವ ಮರೆ (ಥ್ರೆಡ್) ಹಾಳಾಗುತ್ತದೆ, ಬೇರಿಂಗ್‌ಗೂ ಪೆಟ್ಟು.

ಒಳಗಿನ ಗ್ರೀಸ್ ಬಟ್ಟೆಯಲ್ಲಿ ಒರೆಸಿ. ಥಿನ್ನರ್ ಬಳಸಬೇಡಿ, ವೈಂಡಿಂಗ್ ವಾರ್ನಿಷ್ ಬಿಡುತ್ತದೆ. ನೀರು ಹೋಗಿದ್ದರೆ ಕೆಂಪಗೆ ತುಕ್ಕು ಕಾಣುತ್ತದೆ. ಬಿಸಿಲಲ್ಲಿ ಒಣಗಿಸಿ, ಹೇರ್ ಡ್ರೈಯರ್ ಆದರೂ ಸರಿ. ನಾವು ಪಂಪ್ ಮೋಟರಿಗೆ ಮಾಡುವ ಹಾಗೆ ಬಲ್ಬ್ ಹಾಕಿ ಬೇಯಿಸುವುದು ಇದಕ್ಕೆ ಆಗಲ್ಲ. ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಒಮ್ಮೆ ಹೋದದ್ದು ತಣ್ಣಗಾದ ಮೇಲೆ ವಾಪಸ್ ಬರಲ್ಲ.

ಕ್ಯಾತ್ಸಂದ್ರ ಸೈಕಲ್:

ಬಿಚ್ಚಿದೆ. ಹೆದರಿದಷ್ಟು ಕಷ್ಟ ಆಗಲಿಲ್ಲ. ತುಕ್ಕು ಏನೂ ಇಲ್ಲ. ಮೂರು ಬಿಳಿ ನೈಲಾನ್ ಗೇರ್ ಇವೆ. ಹಲ್ಲುಗಳು ಒಂದೇ ಪಕ್ಕ ಸವೆದು ಗರಗಸದ ಹಲ್ಲಿನ ಹಾಗೆ ವಾಲಿವೆ. ಒಂದು ಗೇರಿನಲ್ಲಿ ಎರಡು ಹಲ್ಲಿನ ತುದಿ ಮುರಿದಿದೆ, ಆ ಚೂರು ಗ್ರೀಸ್‌ನಲ್ಲೇ ಸಿಕ್ಕಿತು. ಗ್ರೀಸ್ ಗೋಡೆಗೆ ಮೆತ್ತಿಕೊಂಡು ಕೂತಿದೆ, ಹಲ್ಲಿನ ಮೇಲೆ ಒಣ ಒಣ.

ವೈರ್ ಆಕ್ಸಲ್ ಬಾಯಿಂದ ಒಂದು ಬೆರಳಗಲ ಒಳಗೆ ಕಡಿದಿದೆ. ಹಸಿರು ಪೂರ್ತಿ, ಬಿಳಿಯ ಮೇಲಿನ ಪ್ಲಾಸ್ಟಿಕ್ಕೂ ಬಿಟ್ಟಿದೆ.

ಗುಬ್ಬಿ ವೈಂಡಿಂಗ್:

ಒಂದೇ ಪಕ್ಕ ಸವೆಯುವುದು ಸಹಜ, ಮೋಟರ್ ಎಳೆಯುವುದು ಒಂದೇ ದಿಕ್ಕಿಗೆ. ಗೇರ್ ಮೂರನ್ನೂ ಒಟ್ಟಿಗೆ ಬದಲಿಸಿ. ಒಂದೇ ಹೊಸದು ಹಾಕಿದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ತರಿಸುವಾಗ ಮೋಟರ್ ಹೆಸರು ನಂಬಬೇಡಿ. ಹಲ್ಲು ಎಣಿಸಿ, ಹೊರಗಿನ ವ್ಯಾಸ, ದಪ್ಪ, ನಡುವಿನ ಬೇರಿಂಗ್ ಅಳತೆ ಇಷ್ಟನ್ನೂ ಹೊಂದಿಸಿ ನೋಡಿ. ನಡುವಿನ ಸ್ಟೀಲ್ ಗೇರ್ ಮೇಲೆ ಬೆರಳಾಡಿಸಿ. ಅಲ್ಲಿ ಚೂಪು ತಾಕಿದರೆ ಹೊಸ ನೈಲಾನನ್ನೂ ಅದು ತಿನ್ನುತ್ತದೆ.

ಗ್ರೀಸ್ ಪ್ಲಾಸ್ಟಿಕ್ ಗೇರಿಗೆ ಆಗುವ ಸಿಂಥೆಟಿಕ್ ಇರಲಿ. ಹಲ್ಲಿನ ಸಂದಿಗೆಲ್ಲ ಹಚ್ಚಿ, ಡಬ್ಬಿ ತುಂಬಿಸಬೇಡಿ. ಕ್ಲಚ್ ರೋಲರ್‌ಗೆ ಆ ದಪ್ಪ ಗ್ರೀಸ್ ಹೋಗಬಾರದು. ರೋಲರ್ ಅಂಟಿಕೊಂಡರೆ ಕ್ಲಚ್ ಹಿಡಿಯದೆ ಜಾರುತ್ತದೆ. ಅಲ್ಲಿಗೆ ತೆಳು ಎಣ್ಣೆ ಒಂದೆರಡು ಹನಿ ಸಾಕು.

ವೈರಿಗೆ ತೇಪೆ ಆಕ್ಸಲ್ ತೂತಿನೊಳಗೆ ಹಾಕಲು ಜಾಗವೇ ಇರಲ್ಲ. ಹಸಿರು, ಬಿಳಿ ಎರಡಕ್ಕೂ ಹೊಸ ವೈರ್ ಒಳಗಿನಿಂದಲೇ ಎಳೆಯಿರಿ. ಹಳೇ ವೈರಿನ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಬರುತ್ತದೆ. ಸೆನ್ಸರ್ ಬೋರ್ಡ್ ಕಡೆ ಬೆಸುಗೆ, ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಪ್ಲಾಸ್ಟಿಕ್ ಕೊಳವೆ). ಆಕ್ಸಲ್ ಬಾಯಿಗೆ ಸಿಲಿಕಾನ್ ಹಚ್ಚುತ್ತಾರೆ. ಅದರಲ್ಲಿ ವಿನೆಗರ್ ಹಾಗೆ ಹುಳಿ ವಾಸನೆ ಬರುವುದನ್ನು ತರಬೇಡಿ, ಅದು ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಕೇಳಿ ತನ್ನಿ. ವೈರ್ ಆಕ್ಸಲ್‌ನಿಂದ ಹೊರಬಂದ ಮೇಲೆ ಮೊದಲು ಕೆಳಗೆ ಇಳಿದು ಆಮೇಲೆ ಮೇಲಕ್ಕೆ ಹೋಗುವ ಹಾಗೆ ಕಟ್ಟಿ. ಮಳೆ ನೀರು ಆ ಇಳಿಜಾರಿನಿಂದ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ನುಗ್ಗಲ್ಲ.

ಹೇಗೂ ಬಿಚ್ಚಿದ್ದೀರಿ, ಬೇರಿಂಗನ್ನೂ ಬೆರಳಲ್ಲಿ ತಿರುಗಿಸಿ ನೋಡಿ. ಕಲ್ಲು ಸಿಕ್ಕಿದ ಹಾಗೆ ತಡೆದರೆ ಬದಲಿಸಿ. ನಂಬರ್ ಅದರ ಮೇಲೇ ಕೊರೆದಿರುತ್ತದೆ. ಅದೇ ನಂಬರಿನಲ್ಲಿ 2ಆರ್‌ಎಸ್ ಕೇಳಿ, ಎರಡೂ ಕಡೆ ರಬ್ಬರ್ ಸೀಲ್ ಇರುವುದು. ತಗಡಿನ ಮುಚ್ಚಳದ ಝಡ್‌ಝಡ್ ನಮ್ಮ ಕೆಸರಿಗೆ ತಡೆಯಲ್ಲ.

ಇನ್ನು ದೇವರಾಯನದುರ್ಗ. ಗೇರ್ ಸವೆಸಿದ್ದು ಬಿ.ಎಚ್. ರಸ್ತೆ ಅಲ್ಲ, ಆ ಏರು. ಸೈಕಲ್ಲಿನ ಗೇರ್ ನಿಮ್ಮ ಕಾಲಿಗೆ, ಮೋಟರಿಗಲ್ಲ. ನೀವು ಚಿಕ್ಕ ಗೇರಿಗೆ ಇಳಿಸಿದರೂ ಮೋಟರ್ ಅದೇ ಭಾರ ಎಳೆಯಬೇಕು. ಪೆಡಲ್ ತುಳಿಯದೆ ಥ್ರಾಟಲ್‌ನಲ್ಲೇ ತೆವಳಿಕೊಂಡು ಹತ್ತಿದರೆ ಬ್ಯಾಟರಿಯಿಂದ ಬಂದ ಕರೆಂಟಿನ ದೊಡ್ಡ ಪಾಲು ಶಾಖವಾಗುತ್ತದೆ. ಆ ಶಾಖಕ್ಕೆ ನೈಲಾನ್ ಮೆತ್ತಗಾಗುತ್ತದೆ, ಆಮೇಲೆ ಹಲ್ಲು ತಿರುಚುತ್ತದೆ. ಏರಿನಲ್ಲಿ ಕಾಲೂ ಕೆಲಸ ಮಾಡಲಿ. ನಡುವೆ ನಿಂತು ಹಬ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಟೀ ಕುಡಿದು ಹೊರಡಿ.

ಕುಣಿಗಲ್ ರಸ್ತೆ ಗೃಹಿಣಿ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ ಅಣ್ಣ. ನಮ್ಮದು ಸೈಕಲ್ ಅಲ್ಲ, ನಂಬರ್ ಪ್ಲೇಟ್ ಇಲ್ಲದ ಬ್ಯಾಟರಿ ಸ್ಕೂಟರ್. ಮಗಳು ಕಾಲೇಜಿಗೆ ಓಡಿಸುತ್ತಾಳೆ. ವಾಟರ್ ಸರ್ವಿಸ್ ಮಾಡಿಸಿದ ಮಾರನೇ ದಿನದಿಂದ ಒಮ್ಮೆ ಹೋಗುತ್ತೆ, ಒಮ್ಮೆ ಹೋಗಲ್ಲ. ಮೆಕ್ಯಾನಿಕ್ ಹುಡುಗ 'ಮ್ಯಾಗ್ನೆಟ್ ಹೋಗಿದೆ' ಅಂತಿದ್ದಾನೆ. ಇದನ್ನೂ ಹೀಗೆ ಬಿಚ್ಚಬಹುದಾ?

ಗುಬ್ಬಿ ವೈಂಡಿಂಗ್:

ಅದನ್ನು ಮನೆಯಲ್ಲಿ ಬಿಚ್ಚಬೇಡಿ ಅಮ್ಮ. ಅಂಥ ಸ್ಕೂಟರ್‌ನಲ್ಲಿ ಸಾಮಾನ್ಯವಾಗಿ ಗೇರ್ ಇರಲ್ಲ. ಚಕ್ರದ ಒಳಸುತ್ತಿಗೆ ಮ್ಯಾಗ್ನೆಟ್ ಅಂಟಿಸಿರುತ್ತಾರೆ, ನಡುವೆ ಕಾಯಿಲ್ ಕೂತಿರುತ್ತದೆ. ಮುಚ್ಚಳ ತೆಗೆದು ಕಾಯಿಲ್ ಎತ್ತಲು ಹೋದರೆ ಮ್ಯಾಗ್ನೆಟ್ ಫಟ್ ಅಂತ ವಾಪಸ್ ಎಳೆದುಕೊಳ್ಳುತ್ತದೆ. ಬೆರಳು ನಡುವೆ ಸಿಕ್ಕಿದರೆ ಮುರಿದೇ ಹೋಗುತ್ತದೆ. ನಾವು ಪುಲ್ಲರ್ ಹಾಕಿಯೇ ತೆಗೆಯುವುದು.

ಆದರೆ ಬಿಚ್ಚುವ ಪ್ರಸಂಗವೇ ಬರದೇ ಇರಬಹುದು. ನೀರು ಹೊಡೆಸಿದ ಮಾತ್ರಕ್ಕೆ ಮ್ಯಾಗ್ನೆಟ್ ಹೋಗಲ್ಲ. ಒಮ್ಮೆ ಹೋಗುತ್ತೆ, ಒಮ್ಮೆ ಇಲ್ಲ ಅಂದರೆ ಮೊದಲು ಬ್ರೇಕ್ ಲಿವರ್ ನೋಡಿ. ಬ್ರೇಕ್ ಹಿಡಿದಾಗ ಮೋಟರಿಗೆ ಕರೆಂಟ್ ನಿಲ್ಲಿಸುವ ಸ್ವಿಚ್ ಅದರೊಳಗೆ ಇದೆ. ನೀರು ಹೋಗಿ ಅಂಟಿಕೊಂಡರೆ ಗಾಡಿ ಬ್ರೇಕ್ ಹಿಡಿದಿದ್ದೀರಿ ಅಂದುಕೊಂಡು ಸುಮ್ಮನಾಗುತ್ತದೆ. ಲಿವರ್ ಬಿಟ್ಟಿದ್ದರೂ ಹಿಂದಿನ ಬ್ರೇಕ್ ಲೈಟ್ ಉರಿಯುತ್ತಿದ್ದರೆ ಅದೇ ಕಾಯಿಲೆ. ಎರಡೂ ಲಿವರಿನ ಸ್ವಿಚ್ ಕನೆಕ್ಟರ್ ಒಂದೊಂದಾಗಿ ಬಿಡಿಸಿ ನೋಡಲು ಆ ಹುಡುಗನಿಗೇ ಹೇಳಿ. ಅದಲ್ಲದಿದ್ದರೆ ಸೀಟಿನ ಕೆಳಗಿನ ಕನೆಕ್ಟರ್‌ಗಳನ್ನೆಲ್ಲ ಬಿಡಿಸಿ ಒಂದು ದಿನ ಬಿಸಿಲಲ್ಲಿ ನಿಲ್ಲಿಸಿ. ಇನ್ನು ಮೇಲೆ ಪ್ರೆಶರ್ ಗನ್ ಹಿಂದಿನ ಚಕ್ರದ ನಡುಭಾಗಕ್ಕೆ ಹಿಡಿಯಬೇಡಿ ಅನ್ನಿ, ಬಕೆಟ್ ನೀರು, ಬಟ್ಟೆ ಸಾಕು.

ಇಷ್ಟಾದರೂ ಸರಿ ಹೋಗದಿದ್ದರೆ ಗುಬ್ಬಿಗೆ ತನ್ನಿ. ಬರೀ ಚಕ್ರ ತರಬೇಡಿ, ಕಂಟ್ರೋಲರ್ ಕೂಡ ಜೊತೆಗಿರಲಿ. ಅದಿಲ್ಲದೆ ಯಾವುದು ಕೆಟ್ಟಿದೆ ಅಂತ ಹೇಳಲು ಆಗಲ್ಲ.

ಕ್ಯಾತ್ಸಂದ್ರ ಸೈಕಲ್:

ಸರ್, ಗೇರ್ ಆರ್ಡರ್ ಹಾಕಿದೆ. ವೈರ್ ಎಳೆದಾಯಿತು, ಹಾಲ್ ಮೂರೂ ಬದಲಾಗುತ್ತಿವೆ. ಮುಚ್ಚಳದ ಸ್ಕ್ರೂ ಸಡಿಲವಾಗದಿರಲು ಲಾಕ್‌ಟೈಟ್ ಅಂಟು ಹಾಕಬೇಕಾ?

ಗುಬ್ಬಿ ವೈಂಡಿಂಗ್:

ನೀಲಿ ಬಣ್ಣದ್ದು ಒಂದು ಹನಿ. ಕೆಂಪು ಬೇಡ, ಮುಂದಿನ ಸಲ ಬಿಚ್ಚಲು ಬರಲ್ಲ. ಸ್ಕ್ರೂಗಳನ್ನು ಎದುರು ಬದುರು ಬಿಗಿ ಮಾಡುತ್ತಾ ಬನ್ನಿ, ಒಂದೇ ಕಡೆಯಿಂದ ಸಾಲಾಗಿ ಬೇಡ. ಚಕ್ರ ಕೂರಿಸಿದ ಮೇಲೆ ಸ್ವಲ್ಪ ಓಡಿಸಿ, ಆಕ್ಸಲ್ ನಟ್ ಮತ್ತೊಮ್ಮೆ ಬಿಗಿ ನೋಡಿ. ಸ್ಪೋಕ್‌ಗಳನ್ನೂ ಒಂದೊಂದಾಗಿ ಬೆರಳಲ್ಲಿ ಮೀಟಿ. ಮಂದ ಸದ್ದು ಬಂದದ್ದು ಸಡಿಲ.